ಹಗಲಿನ ಉದ್ದ, ಬಿಸಿಲಿನ ಕಸುವು

‘ಮುಂಗಾರು ಚೆನ್ನಾಗಿ ಹಿಡಿದಿದೆ, ಹಿಂಗಾರಿ ಜೋಳದ ಬೀಜವನ್ನೇ ಈಗ ಬಿತ್ತಿಬಿಡೋಣವೇ?’ ಎಂದು ಊರಿನಿಂದ ಕೇಳಿ ಕಳುಹಿಸುತ್ತಾರೆ. ಬೀಜಕ್ಕೆ ಹಣ ಕಳುಹಿಸುವ ನಾವು ಹಗಲಿನ ಲೆಕ್ಕವನ್ನು ತುಸು ತಿಳಿದಿರಬೇಕು.

ಜೋಳ, ಭತ್ತಗಳ ಅನೇಕ ಹಳೆಯ ತಳಿಗಳು ಹಗಲು ಕಿರಿದಾದ ಮೇಲೆಯೇ ತೆನೆಗೆ ತಿರುಗುವಂಥವು. ವಿಜಯಪುರದ ಕಡೆ ಜೂನಿನಲ್ಲಿ ಹಗಲು ಸುಮಾರು 13 ತಾಸು. ಡಿಸೆಂಬರಿನಲ್ಲಿ 11 ತಾಸಿಗೆ ತುಸು ಹೆಚ್ಚು. ಈ ಅಂತರ ನಮಗೆ ಅಲ್ಪ, ಪೈರಿಗೆ ಅದೇ ಪಂಚಾಂಗ. ಇಂಥ ಬೀಜವನ್ನು ಜೂನಿನಲ್ಲಿ ಬಿತ್ತಿದರೆ ದಂಟು ಆಳೆತ್ತರ ಮೀರೀತು, ತೆನೆ ಮಾತ್ರ ತಡವಾಗುವುದು. ದನಕ್ಕೆ ಮೇವಾಯಿತು, ರೊಟ್ಟಿಗೆ ಕಾಯಬೇಕು! ಮಾಲದಂಡಿಯನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತುವುದಕ್ಕೆ ಇದೂ ಒಂದು ಕಾರಣ.

ನಿಜವಾಗಿ ಪೈರು ಎಣಿಸುವುದು ಇರುಳನ್ನು. ಸುತ್ತಲಿನ ಭತ್ತವೆಲ್ಲ ತೆನೆಬಿಟ್ಟರೂ ಬೀದಿದೀಪದ ಕೆಳಗಿನದು ಹಸಿರಾಗಿಯೇ ನಿಂತಿರುವುದುಂಟು.

ಬಿಸಿಲಿನ ಕಸುವು ಬೇರೆ ಮಾತು. ಹಗಲಿನ ಉದ್ದ ಹೊತ್ತು ತಿಳಿಸುವುದು, ಬಿಸಿಲು ಉಣಿಸುವುದು. ತೆನೆ ಹೊರಡುವ ಮುನ್ನವೂ ಕಾಳು ತುಂಬುವಾಗಲೂ ಮೋಡ ಕವಿದೇ ಇದ್ದರೆ ಜೊಳ್ಳು ಹೆಚ್ಚು. ನೀರಿರುವಲ್ಲಿ ಬೇಸಿಗೆಯ ಭತ್ತ ಮಳೆಗಾಲದ್ದಕ್ಕಿಂತ ಹೆಚ್ಚು ಕೊಡುವುದು ಬಹುಮಟ್ಟಿಗೆ ಇದರಿಂದಲೇ.

1966ರಲ್ಲಿ ಬಂದ ಐ.ಆರ್. 8 ಭತ್ತ ಹಗಲಿನ ಉದ್ದವನ್ನು ಅಷ್ಟಾಗಿ ಲೆಕ್ಕಿಸದು. ಮುಂಗಾರಿನ ಅನೇಕ ಸಂಕರ ಜೋಳಗಳೂ ಹಾಗೆಯೇ. ಆದುದರಿಂದ ಊರಿಗೆ ಉತ್ತರ ಹೇಳುವ ಮೊದಲು ಬೀಜದ ಚೀಲದ ಮೇಲೆ ಯಾವ ತಳಿಯ ಹೆಸರಿದೆಯೆಂದು ಕೇಳಿಕೊಳ್ಳಿ.