ನೀರಿನಲ್ಲಿ ಸಿಕ್ಕ ಶವ: ಅನುಮಾನವನ್ನು ಅರ್ಜಿಯಾಗಿ ಬರೆಯಿರಿ

ನಗರದ ಕೆರೆಯಲ್ಲೋ ಕಾಲುವೆಯಲ್ಲೋ ಕೆಲವೇ ವಾರಗಳಲ್ಲಿ ಎರಡು ಮೂರು ಶವ ತೇಲಿದರೆ ಸಾಕು, ಯಾರೋ ಕೊಂದು ಎಸೆಯುತ್ತಿದ್ದಾರೆ, ಪೊಲೀಸರು ಮುಚ್ಚಿಡುತ್ತಿದ್ದಾರೆ ಎಂಬ ಗುಸುಗುಸು ಶುರುವಾಗುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಜನರನ್ನು ಕಾಲುವೆಗೆ ತಳ್ಳುವವನೊಬ್ಬನಿದ್ದಾನೆ ಎಂಬ ಮಾತು ವರ್ಷಗಳಿಂದ ಓಡಾಡುತ್ತಿದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ 2025ರಲ್ಲಿ ಸರಣಿ ಹಂತಕನ ಸುದ್ದಿ ಹಬ್ಬಿದಾಗ, ಅದಕ್ಕೆ ಪುರಾವೆಯಿಲ್ಲವೆಂದು ಮೇಯರ್ ಜಾನ್ ವಿಟ್‌ಮೈರ್ ಅವರೇ ಹೇಳಬೇಕಾಯಿತು. ಅಧಿಕಾರಿಗಳ ‘ಇಲ್ಲ’, ಜನರ ‘ಇದೆ’ ಎರಡೂ ಎಲ್ಲ ಸಾವುಗಳನ್ನು ಒಟ್ಟುಗೂಡಿಸಿ ಆಡುವ ಮಾತುಗಳು. ನಮ್ಮ ಕಾನೂನು ಒಂದೊಂದೇ ಸಾವನ್ನು ಬಿಡಿಯಾಗಿ ನೋಡುತ್ತದೆ. ಅನುಮಾನವಿದ್ದವರೂ ಅಲ್ಲಿಂದಲೇ ಹೊರಡಬೇಕು.

ಮರಣೋತ್ತರ ವರದಿಯಲ್ಲಿ ‘ನೀರಿನಲ್ಲಿ ಮುಳುಗಿ ಸಾವು’ ಎಂದಿದ್ದರೆ ಗೊತ್ತಾಗುವುದು ಸಾವಿನ ಕಾರಣ ಮಾತ್ರ. ಕಾಲು ಜಾರಿದರೇ, ತಾವೇ ಹಾರಿದರೇ, ಯಾರಾದರೂ ತಳ್ಳಿದರೇ ಎಂಬುದನ್ನು ಶ್ವಾಸಕೋಶ ಹೇಳುವುದಿಲ್ಲ. ದಿನಗಟ್ಟಲೆ ನೀರಿನಲ್ಲಿದ್ದು ಕೊಳೆತ ದೇಹದಲ್ಲಿ ಬಾಯಿಯ ನೊರೆಯಂಥ ಗುರುತುಗಳೂ ಉಳಿಯುವುದಿಲ್ಲ. ಮೂಳೆಯ ಮಜ್ಜೆಯಲ್ಲಿ ಸೂಕ್ಷ್ಮ ಪಾಚಿ ಹುಡುಕುವ ಡಯಾಟಮ್ ಪರೀಕ್ಷೆ, ನೀರಿಗೆ ಬಿದ್ದಾಗ ಜೀವವಿತ್ತೇ ಎಂಬುದಕ್ಕೆ ಬೆಂಬಲ ಕೊಡಬಹುದು, ಅಷ್ಟೇ. ಉಳಿದ ಉತ್ತರವಿರುವುದು ದಡದಲ್ಲಿ: ಚಪ್ಪಲಿ, ಮೊಬೈಲ್ ಕರೆ ವಿವರ, ಕೊನೆಗೆ ಜೊತೆಗಿದ್ದವರು, ಸಿಸಿಟಿವಿ. ಸಿಸಿಟಿವಿ ದೃಶ್ಯ ಹೆಚ್ಚು ದಿನ ಉಳಿಯುವುದಿಲ್ಲ. ಅದನ್ನು ಕಾದಿರಿಸುವಂತೆ ಮೊದಲ ದಿನವೇ ಠಾಣೆಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.

ಇಂಥ ಸಾವನ್ನು ಠಾಣೆಯಲ್ಲಿ ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ ಪ್ರಕರಣವಾಗಿ ದಾಖಲಿಸುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಂತೆ ಪೊಲೀಸರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಇಬ್ಬರು ಅಥವಾ ಹೆಚ್ಚು ಪಂಚರ ಎದುರು ಮೈಮೇಲಿನ ಗಾಯಗಳನ್ನು ನಮೂದಿಸಿ ಶವ ಮಹಜರು ಬರೆಯಬೇಕು. ಕಾರಣದ ಬಗ್ಗೆ ಸಂದೇಹವಿದ್ದರೆ ಮರಣೋತ್ತರ ಪರೀಕ್ಷೆ ಆಗಲೇಬೇಕು. ಆದರೆ ಮಹಜರಿನ ಕೆಲಸ ಮೇಲ್ನೋಟದ ಕಾರಣ ಗುರುತಿಸುವುದು. ಯಾರು ಕೊಂದರು ಎಂಬುದು ಅದರ ವ್ಯಾಪ್ತಿಯಲ್ಲಿಲ್ಲವೆಂದು ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಹಾಗಾಗಿ ಕೊಲೆಯ ಅನುಮಾನಕ್ಕೆ ನಿಮ್ಮಲ್ಲಿ ಆಧಾರವಿದ್ದರೆ ಯುಡಿಆರ್‌ಗೆ ತೃಪ್ತರಾಗದೆ 173ನೇ ಕಲಮಿನಡಿ ದೂರು ಕೊಡಿ. ಸಂಜ್ಞೇಯ ಅಪರಾಧ ಕಾಣುವ ದೂರಿಗೆ ಎಫ್‌ಐಆರ್ ಕಡ್ಡಾಯವೆಂಬುದು ಲಲಿತಾ ಕುಮಾರಿ ಪ್ರಕರಣದ 2013ರ ತೀರ್ಪು. ಠಾಣೆ ಒಪ್ಪದಿದ್ದರೆ ಎಸ್‌ಪಿಗೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯವಿದೆ. ಎಫ್‌ಐಆರ್ ಪ್ರತಿ ಉಚಿತ.

ಬಹುತೇಕ ಪ್ರಕರಣಗಳು ಆಕಸ್ಮಿಕವೇ ಅಲ್ಲವೇ, ಪ್ರತಿ ಶವಕ್ಕೂ ಇಷ್ಟು ಓಡಾಟವೇಕೆ, ದುಃಖದಲ್ಲಿರುವವರನ್ನು ಶವಾಗಾರದ ಮುಂದೆ ಕಾಯಿಸುವುದು ಸರಿಯೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ‘ಆಕಸ್ಮಿಕ’ ಎಂಬ ತೀರ್ಮಾನವೂ ಪರಿಶೀಲನೆಯಿಂದಲೇ ಹುಟ್ಟಬೇಕು. ಹೂತ ದೇಹವನ್ನು 196ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಹೊರತೆಗೆಸಬಹುದು. ಸುಟ್ಟ ದೇಹವನ್ನು ಯಾರೂ ಮರಳಿ ಪರೀಕ್ಷಿಸಲಾರರು. ಪೊಲೀಸರ ಮೇಲೆ ನಂಬಿಕೆಯಿಲ್ಲ, ಜನರನ್ನು ವಾಟ್ಸಾಪ್‌ನಲ್ಲೇ ಎಚ್ಚರಿಸುತ್ತೇವೆ ಎನ್ನುವವರು 2018ರ ಮೇ ತಿಂಗಳನ್ನು ನೆನೆಯಲಿ: ಮಕ್ಕಳ ಕಳ್ಳರ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸುವ ಉದ್ದೇಶದ ಸುಳ್ಳು ಸುದ್ದಿ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮಿನಡಿ ಅಪರಾಧ. ಸದ್ಭಾವನೆಯಿಂದ ಠಾಣೆಗೆ ಕೊಡುವ ದೂರಿಗೆ ಆ ಭಯ ಬೇಡ.

ಇನ್ನೊಂದು ದಾರಿ ಬಹಳ ಜನರಿಗೆ ಗೊತ್ತಿಲ್ಲ. ಸಾರ್ವಜನಿಕ ದಾರಿಗೆ ಹೊಂದಿಕೊಂಡ ಕೆರೆ, ಬಾವಿ, ಹಳ್ಳಕ್ಕೆ ಅಪಾಯ ತಪ್ಪುವಂತೆ ಬೇಲಿ ಹಾಕಿಸಲು ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಉಪವಿಭಾಗಾಧಿಕಾರಿ ಆದೇಶಿಸಬಹುದು. ಬಡಾವಣೆಯವರು ಸೇರಿ ಕೊಡುವ ಆ ಅರ್ಜಿಗೆ ಹಂತಕನಿದ್ದಾನೆಂದು ಸಾಬೀತು ಮಾಡಬೇಕಾಗಿಲ್ಲ. ಶವಗಳು ಸಿಕ್ಕ ಜಾಗ, ತಾರೀಖು, ಕತ್ತಲಾದ ದಂಡೆಯ ಫೋಟೋ ಇದ್ದರೆ ಸಾಕು.