ವೇತನವೂ ದಾನವೂ

ದುಡಿದವನಿಗೆ ಹಕ್ಕಿನಿಂದ ಸಲ್ಲತಕ್ಕುದು ವೇತನ. ಕೊಡುವವನ ಇಚ್ಛೆಗೆ ಬಿಟ್ಟುದು ದಾನ. ಈ ಭೇದವು ಅಳಿದಲ್ಲಿ ಕಾಯಕದ ಗೌರವವೂ ಅಳಿಯುವುದು. ಅಮೆರಿಕಾ ದೇಶದ ಭೋಜನಗೃಹಗಳಲ್ಲಿ ಬಡಿಸುವವರ ಸ್ಥಿತಿಯೇ ಇದಕ್ಕೆ ನಿದರ್ಶನ.

ಅಲ್ಲಿಯ ಕೇಂದ್ರ ಸರಕಾರವು 1938ರಲ್ಲಿ ಕನಿಷ್ಠ ವೇತನದ ಶಾಸನವನ್ನು ಮಾಡಿತು. ಗಿರಾಕಿಗಳು ಕೊಡುವ ಭಕ್ಷೀಸನ್ನು ಆ ವೇತನದ ಭಾಗವೆಂದು ಎಣಿಸಲು 1966ರ ತಿದ್ದುಪಡಿಯು ಧಣಿಗಳಿಗೆ ಅವಕಾಶವಿತ್ತಿತು. ಕೇಂದ್ರ ಶಾಸನದ ಕನಿಷ್ಠ ವೇತನವು 2009ರಿಂದ ಗಂಟೆಗೆ 7.25 ಡಾಲರು, ಆದರೆ ಭಕ್ಷೀಸು ಪಡೆಯುವವರಿಗೆ ಧಣಿಯು ತನ್ನ ಕೈಯಿಂದ ಕೊಡಲೇಬೇಕಾದುದು 1991ರಿಂದಲೂ 2.13 ಡಾಲರು ಮಾತ್ರ. ಕೊರತೆ ಬಿದ್ದರೆ ಧಣಿಯೇ ತುಂಬಿಕೊಡಬೇಕೆಂಬ ವಿಧಿಯುಂಟು. ಕೆಲಸವು ಹೋದೀತೆಂಬ ಭಯವುಳ್ಳವರು ಅದನ್ನು ಬಾಯಿಬಿಟ್ಟು ಕೇಳುವುದೆಂತು? ಮನೆಯ ಬಾಡಿಗೆಯು ಗಿರಾಕಿಯ ಮನಸ್ಸನ್ನು ಅವಲಂಬಿಸಿರುವಾಗ ಅವನ ಕಟುನುಡಿಯನ್ನೂ ನಗುಮೊಗದಿಂದ ಸಹಿಸಬೇಕಾಗುವುದು.

ಕ್ಯಾಲಿಫೋರ್ನಿಯಾ ಮೊದಲಾದ ಕೆಲವು ರಾಜ್ಯಗಳು, ಭಕ್ಷೀಸನ್ನು ಲೆಕ್ಕಕ್ಕೆ ಹಿಡಿಯದೆ ಪೂರ್ಣ ಕನಿಷ್ಠ ವೇತನವನ್ನು ಧಣಿಯೇ ಕೊಡತಕ್ಕುದೆಂದು ವಿಧಿಸಿವೆ. ನ್ಯಾಯಸಮ್ಮತವಾದ ಮಾರ್ಗವು ಇದೇ.

ಗೃಹಸ್ಥರು ಇದರಿಂದ ಅರಿಯತಕ್ಕುದು ಇಷ್ಟು: ದುಡಿಸಿಕೊಂಡವನು ಕೂಲಿಯನ್ನು ಕೊಡುವುದು ಋಣವನ್ನು ತೀರಿಸುವುದೇ ಹೊರತು ಔದಾರ್ಯವಲ್ಲ. ಸಲ್ಲತಕ್ಕ ಕೂಲಿಯನ್ನು ಹಿಡಿದಿಟ್ಟು ಮಾಡಿದ ದಾನವು ದಾಸೋಹವೆನಿಸದು.