ರೈಲಿಗೆ ತಮಾಷೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಎಡಕುಮೇರಿ ಈ ದಾರಿಯ ನಡುವಿನ ಸ್ಟೇಷನ್. ಸುರಂಗ ಬಂತೋ, ರೈಲಿನೊಳಗೆ ಎಲ್ಲರೂ "ಹೋ..." ಅಂತ ಕೂಗ್ತಾರೆ. ಅಜ್ಜಿಯಂದಿರೂ ಬಿಡೋದಿಲ್ಲ! ಗೋಡೆಗೆ ಬಡಿದ ಶಬ್ದ ಹೊರಗೆ ಹೋಗಲಾರದೆ ಮತ್ತೆ ಮತ್ತೆ ತಿರುಗಿ ಬರುತ್ತದೆ. ಇದಕ್ಕೆ ಅನುರಣನ ಎನ್ನುತ್ತಾರೆ. ಬಯಲಿಗೆ ಬಂದರೆ ಅದೇ ಕೂಗು ಪುಸ್ಸಂತ ಇಳಿಯುತ್ತದೆ.

ಹೊರಗೆ ನಿಂತ ನಾವೇನು ಕಡಿಮೆಯೇ? ಟಾಟಾ ಮಾಡುತ್ತೇವೆ, ನಾಲಿಗೆ ಚಾಚುತ್ತೇವೆ. ಹೋದ ರಜೆಯಲ್ಲಿ ಹಳಿ ಪಕ್ಕದ ದಿಬ್ಬದ ಮೇಲೆ ನಾನು ಎರಡೂ ಕೈ ಮೇಲೆತ್ತಿ ಕುಣಿದೆ. ಲೈನ್ ಕೆಲಸ ಮಾಡುವ ನಮ್ಮ ಮಾವ ಓಡಿ ಬಂದು ಕೈ ಇಳಿಸಿದರು. "ಏನೋ, ಗಾಡಿ ನಿಲ್ಲಿಸ್ತೀಯಾ?" ಅಂದರು. ಕೆಂಪು ಬಾವುಟ ಇಲ್ಲದಾಗ ಎರಡೂ ಕೈ ಎತ್ತಿದರೆ ರೈಲ್ವೆ ನಿಯಮದಲ್ಲಿ "ನಿಲ್ಲಿಸು" ಎಂದೇ ಅರ್ಥ!

ಇಲ್ಲಿನ ಏರು 50ಕ್ಕೆ 1. ಅಂದರೆ 50 ಮೀಟರ್ ಹೋದರೆ 1 ಮೀಟರ್ ಮೇಲೆ. ಕಣ್ಣಿಗೆ ಏನೂ ಅನ್ನಿಸೋದಿಲ್ಲ. ಆದರೆ ಏರಿನಲ್ಲಿ ನಿಂತ ರೈಲನ್ನು ಮತ್ತೆ ಎಳೆಯುವುದು ಎಂಜಿನ್ನಿಗೆ ಬಲು ಕಷ್ಟ.

2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ಮಧ್ಯೆ ಭೂಕುಸಿತವಾಗಿ ದಿನಗಟ್ಟಲೆ ರೈಲು ಬಂದ್ ಆಗಿತ್ತು. ಅಂಥ ಹೊತ್ತಿಗೆ ಎತ್ತುವ ಕೈ ಅದು. "ನೀವು ದಿನಾ ಹಿಂಗೆ ಎತ್ತಿದ್ರೆ, ನಿಜವಾಗ್ಲೂ ಗುಡ್ಡ ಕುಸಿದಾಗ ನಾನು ಎತ್ತಿದ್ದನ್ನ ಡ್ರೈವರ್ ನಂಬ್ತಾರೇನೋ?" ಎಂದು ಮಾವ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ದೂರ ನಿಂತು ಒಂದೇ ಕೈಯಲ್ಲಿ ಟಾಟಾ. ಕೆಲವು ಡ್ರೈವರ್‌ಗಳು ತಿರುಗಿ ಕೈ ಬೀಸುತ್ತಾರೆ, ಅವರೂ ಒಂದೇ ಕೈ!